ನೈರೋಬಿಯಿಂದ ಮೊಂಬಾಸಾಗೆ ಹಗಲು ರೈಲು: ಹುಬ್ಬಳ್ಳಿಯವನೊಬ್ಬ ಕಂಡ ಮದರಾಕಾ ಎಕ್ಸ್‌ಪ್ರೆಸ್

ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಎಷ್ಟು ದೂರವೋ, ಕೆನ್ಯಾದ ರಾಜಧಾನಿ ನೈರೋಬಿಯಿಂದ ಆ ದೇಶದ ಬಂದರು ನಗರ ಮೊಂಬಾಸಾಗೂ ಹೆಚ್ಚುಕಡಿಮೆ ಅಷ್ಟೇ ದೂರ. ಸುಮಾರು 470 ಕಿಲೋಮೀಟರ್. ನಮ್ಮ ವಂದೇ ಭಾರತ್ ಈ ದೂರಕ್ಕೆ ಆರು ತಾಸಿನ ಆಸುಪಾಸು ತೆಗೆದುಕೊಂಡರೆ, ಅಲ್ಲಿಯ ಮದರಾಕಾ ಎಕ್ಸ್‌ಪ್ರೆಸ್ ಐದು ತಾಸಿನಲ್ಲಿ ಮುಟ್ಟಿಸುತ್ತದೆ. ಅದೂ ವಿದ್ಯುತ್ ಇಲ್ಲದೆ, ಡೀಸೆಲ್ ಇಂಜಿನ್ನಿನ ಬಲದಿಂದ, ಬಹುತೇಕ ಒಂಟಿ ಹಳಿಯ ಮಾರ್ಗದಲ್ಲಿ. ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಡಬ್ಬಿಗಳ ದುರಸ್ತಿಯ ಕೆಲಸ ಮಾಡಿ ನಿವೃತ್ತನಾದವನು. ಮಗಳು, ಅಳಿಯ ನೈರೋಬಿಯಲ್ಲಿ ನೆಲೆಸಿರುವ ಕಾರಣ ಈ ಗಾಡಿಯಲ್ಲಿ ಕೂರುವ ಅವಕಾಶ ಒದಗಿತು. ನಮ್ಮ ಕಡೆಯಿಂದ ಮಕ್ಕಳನ್ನು ನೋಡಲು ಪೂರ್ವ ಆಫ್ರಿಕಾಕ್ಕೆ ಹೋಗಿಬರುವ ಹಿರಿಯರು ಈಗ ಅಪರೂಪವಲ್ಲ. ಅವರಿಗೆ ಉಪಯೋಗವಾದೀತು ಎಂಬ ಉದ್ದೇಶದಿಂದ ಈ ಗಾಡಿಯ ಗುಣದೋಷಗಳನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹಳೆಯ ಮಾರ್ಗದ ವಿಷಯ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಹೊಸ ಗಾಡಿಯ ಬೆಲೆ ತಿಳಿಯುವುದಿಲ್ಲ. ಬ್ರಿಟಿಷರು 1896ರಲ್ಲಿ ಮೊಂಬಾಸಾದಿಂದ ಹಳಿ ಹಾಕಲು ಆರಂಭಿಸಿ, 1899ರಲ್ಲಿ ನೈರೋಬಿಯನ್ನೂ 1901ರಲ್ಲಿ ವಿಕ್ಟೋರಿಯಾ ಸರೋವರದ ದಂಡೆಯನ್ನೂ ಮುಟ್ಟಿದರು. ಕರಾರಿನ ಮೇಲೆ ಹಿಂದೂಸ್ತಾನದಿಂದ, ಅದರಲ್ಲೂ ಪಂಜಾಬಿನಿಂದ, ಹಡಗಿನಲ್ಲಿ ಕರೆದೊಯ್ದ ಸುಮಾರು 32 ಸಾವಿರ ಕೂಲಿಗಳು ಆ ಹಳಿಯನ್ನು ಹಾಸಿದರು. ಅವರಲ್ಲಿ ಸುಮಾರು ಎರಡೂವರೆ ಸಾವಿರ ಮಂದಿ ಅಲ್ಲಿಯೇ ಸತ್ತರು. ಹಳಿಗಳ ನಡುವಿನ ಅಳತೆಯೂ ನಮ್ಮಲ್ಲಿದ್ದ ಮೀಟರ್ ಗೇಜೇ. ನಮ್ಮ ಹುಬ್ಬಳ್ಳಿ–ಬೆಂಗಳೂರು ಮಾರ್ಗವೂ 1990ರ ದಶಕದವರೆಗೆ ಅದೇ ಅಳತೆಯದಾಗಿತ್ತು. ನಾವು ಅದನ್ನು ಕಿತ್ತು ಬ್ರಾಡ್ ಗೇಜ್ ಮಾಡಿಕೊಂಡೆವು. ಅವರು ಹಳೆಯದನ್ನು ಹಾಗೆಯೇ ಬಿಟ್ಟು, ಅದರ ಪಕ್ಕದಲ್ಲಿಯೇ 1,435 ಮಿಲಿಮೀಟರ್ ಅಳತೆಯ ಹೊಸ ಸ್ಟ್ಯಾಂಡರ್ಡ್ ಗೇಜ್ ಮಾರ್ಗ ಹಾಕಿಸಿದರು. ಹಳೆಯ ಗಾಡಿ ರಾತ್ರಿಯಿಡೀ ಓಡಿಯೂ ಹೇಳಿದ ಹೊತ್ತಿಗೆ ಮುಟ್ಟುತ್ತಿರಲಿಲ್ಲ ಎಂದು ಅಲ್ಲಿಯ ಹಳಬರು ಹೇಳುತ್ತಾರೆ. ಅದು 2017ರ ಏಪ್ರಿಲ್‌ನಲ್ಲಿ ನಿಂತಿತು. ಅದೇ ವರ್ಷದ ಮೇ 31ರಂದು ಅಧ್ಯಕ್ಷ ಉಹುರು ಕೆನ್ಯಾಟಾ ಹೊಸ ಗಾಡಿಗೆ ಚಾಲನೆ ಕೊಟ್ಟರು. ಮಾರನೆಯ ದಿನ ಜೂನ್ 1, ಕೆನ್ಯಾಕ್ಕೆ 1963ರಲ್ಲಿ ಸ್ವಯಂ ಆಡಳಿತ ದೊರೆತ ದಿನ. ಗಾಡಿಯ ಹೆಸರು ಬಂದದ್ದು ಆ ದಿನಾಚರಣೆಯಿಂದ.

ಟಿಕೆಟ್ಟಿನ ವ್ಯವಸ್ಥೆ ಅಚ್ಚುಕಟ್ಟಾಗಿದೆ, ಆದರೆ ಊರಿಗೆ ಹೊಸಬರಾದವರಿಗೆ ತುಸು ತೊಡಕಿನದು. ಕೆನ್ಯಾದಲ್ಲಿ 2007ರಿಂದ ಎಂ-ಪೆಸಾ ಎಂಬ ಮೊಬೈಲ್ ಹಣದ ಸೇವೆ ನಡೆಯುತ್ತಿದೆ. ನಮ್ಮಲ್ಲಿ ಫೋನ್‌ಪೇ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅಲ್ಲಿಯ ತರಕಾರಿ ಮಾರುವವರು ಗುಂಡಿಯೊತ್ತುವ ಸಾಧಾರಣ ಮೊಬೈಲಿನಲ್ಲಿ ಹಣ ಪಡೆಯುತ್ತಿದ್ದರು. ರೈಲಿನ ಟಿಕೆಟ್ಟನ್ನೂ ಹಾಗೆಯೇ ಸ್ಟಾರ್ 639 ಹ್ಯಾಶ್ ಎಂಬ ಸಂಖ್ಯೆಯನ್ನು ಒತ್ತಿ ತೆಗೆಯಬಹುದು. ಹಣ ಎಂ-ಪೆಸಾದಿಂದ ಹೋಗುತ್ತದೆ. ಅಲ್ಲಿಯ ಸಿಮ್ ಇಲ್ಲದವರು ಮಕ್ಕಳ ಅಥವಾ ಪರಿಚಯದವರ ಮೊಬೈಲಿನಿಂದ ತೆಗೆಸಿಕೊಳ್ಳುವುದೇ ಸುಲಭ. ಪಾಸ್‌ಪೋರ್ಟ್ ಸಂಖ್ಯೆಯನ್ನು ತಪ್ಪಿಲ್ಲದೆ ಬರೆಸಬೇಕು, ಏಕೆಂದರೆ ನಿಲ್ದಾಣದಲ್ಲಿ ಟಿಕೆಟ್ಟನ್ನೂ ಪಾಸ್‌ಪೋರ್ಟನ್ನೂ ಎದುರುಬದುರಿಟ್ಟು ನೋಡಿಯೇ ಒಳಗೆ ಬಿಡುತ್ತಾರೆ. 2024ರ ಜನವರಿಯಲ್ಲಿ ದರ ಏರಿತು: ಎಕಾನಮಿ ತರಗತಿಗೆ ಸಾವಿರದಿಂದ 1,500 ಶಿಲ್ಲಿಂಗ್, ಮೊದಲ ದರ್ಜೆಗೆ 3,000ದಿಂದ 4,500 ಶಿಲ್ಲಿಂಗ್. ನಮ್ಮ ಲೆಕ್ಕದಲ್ಲಿ ಎಕಾನಮಿ ಟಿಕೆಟ್ಟಿಗೆ ಸುಮಾರು ಸಾವಿರ ರೂಪಾಯಿ, ಅಂದರೆ ವಂದೇ ಭಾರತ್‌ನ ಚೇರ್ ಕಾರಿಗಿಂತ ತುಸು ಕಡಿಮೆಯೇ. ಆದರೆ ಅಲ್ಲಿಯ ದಿನಗೂಲಿಯವರಿಗೆ ಇದು ಸಣ್ಣ ಮೊತ್ತವಲ್ಲ ಎಂಬುದನ್ನು ಮರೆಯಬಾರದು. ಗಾಡಿ ಶುರುವಾದಾಗ ಎಕಾನಮಿ ದರ 700 ಶಿಲ್ಲಿಂಗ್ ಇತ್ತು.

ಈ ಸೇವೆಯ ಬಗ್ಗೆ ನನ್ನ ದೊಡ್ಡ ತಕರಾರು ಗಾಡಿಯ ಒಳಗಿನದಲ್ಲ, ಹೊರಗಿನದು. ನಿಲ್ದಾಣಗಳು ಊರಿನಲ್ಲಿಲ್ಲ. ನೈರೋಬಿಯ ಟರ್ಮಿನಸ್ ಇರುವುದು ಊರ ಹೊರಗೆ, ವಿಮಾನ ನಿಲ್ದಾಣದ ದಿಕ್ಕಿನ ಸ್ಯೋಕಿಮಾವುವಿನಲ್ಲಿ. ಮೊಂಬಾಸಾದ್ದು ಊರಿರುವ ದ್ವೀಪದ ಮೇಲಲ್ಲ, ಆಚೆಯ ದಡದ ಮಿರಿಟಿನಿಯಲ್ಲಿ. ಎರಡೂ ವಿಮಾನ ನಿಲ್ದಾಣದಷ್ಟೇ ಭವ್ಯ, ಅಷ್ಟೇ ದೂರ. ಹುಬ್ಬಳ್ಳಿಯಲ್ಲಿ ಸಿದ್ಧಾರೂಢ ಸ್ವಾಮಿಗಳ ಹೆಸರಿನ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಊರೇ ಎದುರಾಗುತ್ತದೆ. ಚಹಾದಂಗಡಿ, ಆಟೋ, ಸಿಟಿ ಬಸ್ಸು ಎಲ್ಲವೂ ಕೂಗಳತೆಯಲ್ಲಿರುತ್ತವೆ. ರೈಲು ಎಂದರೆ ಊರ ನಡುವೆ ಬಂದು ನಿಲ್ಲುವ ವಾಹನ ಎಂಬ ರೂಢಿಯಲ್ಲಿ ಬೆಳೆದ ನನಗೆ ಸ್ಯೋಕಿಮಾವು ಒಗ್ಗಲಿಲ್ಲ. ಊರ ನಡುವಿನ ಹಳೆಯ ನಿಲ್ದಾಣದಿಂದ ಅಲ್ಲಿಗೆ ಮೀಟರ್ ಗೇಜಿನ ಲೋಕಲ್ ಗಾಡಿಯೊಂದು ಎಕ್ಸ್‌ಪ್ರೆಸ್ಸಿನ ಹೊತ್ತಿಗೆ ಹೊಂದಿಕೊಂಡು ಓಡುತ್ತದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳಬಾರದು ಎನ್ನುವವರಿಗೆ ಟ್ಯಾಕ್ಸಿಗಿಂತ ಅದೇ ಮೇಲು, ಖರ್ಚೂ ಬಹಳ ಕಡಿಮೆ.

“ಅಪ್ಪಾ, ಇಲ್ಲೆ ಗಾಡಿ ಬಿಡೂ ಹೊತ್ತಿಗೆ ಓಡಿ ಹತ್ತೂದು ನಡಿಯೂದಿಲ್ಲ, ಒಂದ್ ತಾಸ್ ಮೊದಲ ಅಲ್ಲಿರಬೇಕು” ಎಂದು ಮಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದಳು. ಕಾರಣ ಅಲ್ಲಿಯ ತಪಾಸಣೆ. ನಿಲ್ದಾಣದ ಮುಂದಿನ ಬಯಲಿನಲ್ಲಿ ಎಲ್ಲರೂ ತಮ್ಮ ಚೀಲ, ಪೆಟ್ಟಿಗೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಹಿಂದೆ ಸರಿದು ನಿಲ್ಲಬೇಕು. ಪೊಲೀಸರು ಹಗ್ಗ ಹಿಡಿದು ನಡೆಸುವ ನಾಯಿ ಒಂದೊಂದೇ ಚೀಲಕ್ಕೆ ಮೂಗು ಹಚ್ಚುತ್ತ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೋಗುತ್ತದೆ. ನಮ್ಮ ಮನೆಯವರು ಕಟ್ಟಿಕೊಂಡ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಚೀಲದ ಮುಂದೆ ಅದು ಉಳಿದವುಗಳಿಗಿಂತ ಒಂದು ಕ್ಷಣ ಹೆಚ್ಚು ನಿಂತಿತು. ಆಮೇಲೆ ಮುಂದಕ್ಕೆ ನಡೆಯಿತು. ಅದಾದ ಮೇಲೆ ಎಕ್ಸ್‌ರೇ ಯಂತ್ರ, ಮೈ ತಪಾಸಣೆ, ಟಿಕೆಟ್ಟಿನ ಪರೀಕ್ಷೆ. ಮಂಡಿನೋವಿನವರಿಗೆ ಇದು ಆಯಾಸದ ಕೆಲಸವೇ ಸರಿ, ಆದರೆ ಎಲ್ಲಿಯೂ ನೂಕುನುಗ್ಗಲಿಲ್ಲ. ಊಟ ಕಟ್ಟಿಕೊಳ್ಳುವವರು ಒಂದು ವಿಷಯ ಗಮನಿಸಬೇಕು: ಕೆನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ 2017ರ ಆಗಸ್ಟ್‌ನಿಂದ ಕಟ್ಟುನಿಟ್ಟಾದ ನಿಷೇಧವಿದೆ. ಹಿಂಡಿ, ಉಪ್ಪಿನಕಾಯಿಗಳನ್ನು ಊರಿನಿಂದಲೇ ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಬಟ್ಟೆಯ ಚೀಲದಲ್ಲಿ ಒಯ್ಯುವುದು ಒಳ್ಳೆಯದು.

ಇನ್ನು ಡಬ್ಬಿಗಳ ವಿಷಯ. ಎಕಾನಮಿ ಡಬ್ಬಿಯಲ್ಲಿ ನಡುವಿನ ದಾರಿಯ ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಎರಡು ಆಸನಗಳು, ಎದುರುಬದುರಾಗಿ. ಬೆನ್ನು ಹಿಂದಕ್ಕೆ ಬಾಗುವುದಿಲ್ಲ. ಎದುರಿನವರು ಉದ್ದ ಕಾಲಿನವರಾದರೆ ಮಂಡಿಗೆ ಮಂಡಿ ತಾಗುತ್ತದೆ. ಮೊದಲ ದರ್ಜೆಯಲ್ಲಿ ಎರಡೆರಡರ ಸಾಲು, ಬಾಗುವ ಬೆನ್ನು, ಕಾಲು ಚಾಚಲು ಜಾಗ. ಎರಡರಲ್ಲೂ ಎಸಿ ಇದೆ. ಇಷ್ಟನ್ನು ಯಾವ ಪ್ರಯಾಣಿಕನೂ ಹೇಳಬಲ್ಲ. ವರ್ಕ್‌ಶಾಪಿನವನ ಗಮನ ಹೋಗುವುದು ನೆಲದ ಕೆಳಗೆ. ಗಾಡಿ ಹೊರಟಾಗ ಜಗ್ಗಿದ ಅನುಭವವೇ ಆಗಲಿಲ್ಲ. ವೇಗ ಗಂಟೆಗೆ 120 ಕಿಲೋಮೀಟರಿನ ಹತ್ತಿರ ಇದ್ದಾಗಲೂ ಕಾಗದದ ಲೋಟದಲ್ಲಿದ್ದ ಚಹಾ ಅಲುಗಿತೇ ಹೊರತು ಚೆಲ್ಲಲಿಲ್ಲ. ಹಳಿಯ ತುಂಡುಗಳನ್ನು ಉದ್ದಕ್ಕೆ ಬೆಸೆದಿರುವುದರಿಂದ ಕೀಲಿನ ಖಟಖಟ ಸದ್ದಿಲ್ಲ. ಕಾಂಕ್ರೀಟಿನ ಸ್ಲೀಪರುಗಳು, ಕೆಳಗೆ ಹೊಸ ಜಲ್ಲಿ, ತಿರುವುಗಳು ಬಹಳ ವಿಶಾಲ. ಸಮುದ್ರ ಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದ ನೈರೋಬಿಯಿಂದ ಕಡಲಿನವರೆಗೆ ಇಳಿಯುವ ಮಾರ್ಗ ಇದು ಎಂಬುದು ಒಳಗೆ ಕುಳಿತವರಿಗೆ ಗೊತ್ತೇ ಆಗುವುದಿಲ್ಲ. ನೂರು ವರ್ಷದ ಹಿಂದಿನ ಹಳಿ ದಿಬ್ಬ ಬಂದಲ್ಲಿ ಸುತ್ತು ಹಾಕುತ್ತಿತ್ತು. ಹೊಸದು ದಿಬ್ಬ ಕಡಿದು, ತಗ್ಗಿನಲ್ಲಿ ಮಣ್ಣು ತುಂಬಿ, ನದಿಗೆ ಎತ್ತರದ ಸೇತುವೆ ಕಟ್ಟಿ ನೇರವಾಗಿ ಹೋಗಿದೆ. ಖರ್ಚಾದದ್ದೂ ಅದಕ್ಕೇ. ಚೀನಾದ ಎಕ್ಸಿಮ್ ಬ್ಯಾಂಕಿನ ಸಾಲದಿಂದ, ಚೀನಾದ ಕಂಪನಿಯೇ ಕಟ್ಟಿದ ಈ ಮಾರ್ಗಕ್ಕೆ ತಗುಲಿದ ವೆಚ್ಚ ಮೂರೂವರೆ ಬಿಲಿಯನ್ ಡಾಲರಿಗೂ ಹೆಚ್ಚು. ಆ ಸಾಲದ ವಾದ ಅಲ್ಲಿಯ ಪತ್ರಿಕೆಗಳಲ್ಲಿ ಇನ್ನೂ ಮುಗಿದಿಲ್ಲ.

ಕಿಟಕಿಯ ಹೊರಗಿನ ನೋಟಕ್ಕಾಗಿ ಬೆಳಗಿನ 8 ಗಂಟೆಯ ಗಾಡಿಯನ್ನೇ ಆರಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ನಡುವಿನ ನಿಲ್ದಾಣಗಳಲ್ಲಿ ನಿಲ್ಲುವ ಗಾಡಿಯಾದ್ದರಿಂದ ಎಕ್ಸ್‌ಪ್ರೆಸ್ಸಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಇಡೀ ದಾರಿ ಬೆಳಕಿನಲ್ಲಿ ಕಾಣುತ್ತದೆ. ಮಧ್ಯಾಹ್ನ 3ರ ಎಕ್ಸ್‌ಪ್ರೆಸ್ ಹಿಡಿದರೆ ಕೊನೆಯ ಭಾಗದಲ್ಲಿ ಕತ್ತಲಾಗುತ್ತದೆ. ಸಮಭಾಜಕ ವೃತ್ತದ ಹತ್ತಿರ ವರ್ಷವಿಡೀ ಆರೂವರೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಹೊರಡುವ ಮುನ್ನ ವೇಳಾಪಟ್ಟಿಯನ್ನು ಒಮ್ಮೆ ನೋಡಿಕೊಳ್ಳಿ. ಆಕಾಶ ತಿಳಿಯಾಗಿದ್ದರೆ ಎಮಾಲಿಯ ಆಸುಪಾಸಿನಲ್ಲಿ ಬಲಗಡೆ, ಗಡಿಯಾಚೆಯ ತಾಂಜಾನಿಯಾದ 5,895 ಮೀಟರ್ ಎತ್ತರದ ಕಿಲಿಮಂಜಾರೋ ಶಿಖರ ಮೋಡದ ಮೇಲೆ ತೇಲಿದಂತೆ ಕಾಣುತ್ತದೆ. ಅಲ್ಲಿಂದ ಕೆಳಗಿಳಿದಂತೆ ನೆಲದ ಬಣ್ಣ ಕೆಂಪಾಗುತ್ತ, ಬಾವೊಬಾಬ್ ಮರಗಳು ಶುರುವಾಗುತ್ತವೆ. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿರುವ ದೈತ್ಯ ಮರಗಳನ್ನು ನೋಡಿದವರಿಗೆ ಈ ಜಾತಿ ಗುರುತಾಗುತ್ತದೆ. ಅಲ್ಲಿ ಜನ ಪ್ರದಕ್ಷಿಣೆ ಹಾಕಿ ಕೈಮುಗಿಯುವ ಮರ ಇಲ್ಲಿ ಬಯಲಿನ ತುಂಬ, ಯಾರ ಲಕ್ಷ್ಯಕ್ಕೂ ಬೀಳದಂತೆ ನಿಂತಿದೆ.

ಮ್ಟಿಟೊ ಅಂಡೇಯಿಯಿಂದ ವೋಯಿವರೆಗಿನದು ತ್ಸಾವೋ ಅಭಯಾರಣ್ಯದ ಹರವು. ಪೂರ್ವ, ಪಶ್ಚಿಮ ಎರಡೂ ಭಾಗ ಸೇರಿ 20 ಸಾವಿರ ಚದರ ಕಿಲೋಮೀಟರಿಗೂ ಮೀರಿದ ಕಾಡು. ನಮ್ಮ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ರೈಲು ಎತ್ತರದ ಮಣ್ಣಿನ ದಿಬ್ಬದ ಮೇಲೆ, ಎರಡೂ ಬದಿಗೆ ಬೇಲಿಯ ನಡುವೆ ಓಡುತ್ತದೆ. ಆನೆ, ಜಿರಾಫೆಗಳು ಆಚೀಚೆ ದಾಟಲಿ ಎಂದು ಅಲ್ಲಲ್ಲಿ ಕೆಳಗೆ ಕಮಾನಿನ ದಾರಿ, ಸೇತುವೆಗಳನ್ನು ಬಿಟ್ಟಿದ್ದಾರೆ. ಕೆಂಪು ಮಣ್ಣಿನಲ್ಲಿ ಹೊರಳಿ ಇಟ್ಟಂಗಿಯ ಬಣ್ಣಕ್ಕೆ ತಿರುಗಿದ ಆನೆಗಳ ಹಿಂಡೊಂದು ಕಂಡಾಗ ನಮ್ಮ ಡಬ್ಬಿಯಲ್ಲಿ ಅಲ್ಲಿಯವರೇ ಮೊದಲು ಎದ್ದು ಕಿಟಕಿಗೆ ಬಂದರು. ಈ ತ್ಸಾವೋ ನದಿಯ ಹಳೆಯ ಸೇತುವೆ ಕಟ್ಟುವಾಗಲೇ, 1898ರಲ್ಲಿ, ಎರಡು ಸಿಂಹಗಳು ರಾತ್ರಿ ಡೇರೆಗಳಿಗೆ ನುಗ್ಗಿ ಕೂಲಿಗಳನ್ನು ಹೊತ್ತೊಯ್ದವು. ಅವುಗಳನ್ನು ಕೊಂದ ಇಂಜಿನಿಯರ್ ಪ್ಯಾಟರ್ಸನ್ ಸತ್ತವರ ಸಂಖ್ಯೆ 135 ಎಂದ. ಆ ಸಿಂಹಗಳ ಎಲುಬು, ಕೂದಲುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳ ಲೆಕ್ಕ ಸುಮಾರು 35ಕ್ಕೆ ನಿಂತಿತು. ಸಂಖ್ಯೆ ಯಾವುದಾದರೂ ಇರಲಿ, ಸತ್ತವರಲ್ಲಿ ಬಹಳ ಮಂದಿ ನಮ್ಮ ದೇಶದಿಂದ ದುಡಿಯಲು ಹೋದವರು.

ಗಾಡಿಯೊಳಗೆ ಸಮವಸ್ತ್ರದ ಸಿಬ್ಬಂದಿ ತಳ್ಳುಗಾಡಿಯಲ್ಲಿ ಚಹಾ, ಬಿಸ್ಕೀಟು, ಕರಿದ ತಿಂಡಿ ತರುತ್ತಾರೆ, ಕ್ಯಾಂಟೀನ್ ಡಬ್ಬಿಯೂ ಇದೆ. ಶಾಕಾಹಾರಿಗಳು ಅದನ್ನು ನಂಬಿ ಹೋಗಬಾರದು. ಚಹಾ ಮಾತ್ರ ಚೆನ್ನಾಗಿದೆ. ಚಹಾ ಬೆಳೆಯುವ ನಾಡಲ್ಲವೇ. ಶೌಚಾಲಯ ಶುಚಿಯಾಗಿತ್ತು. ಒಂದು ಮಾತು: ನಿಲ್ದಾಣ ಬಂದಾಗಲೆಲ್ಲ ಪ್ಲಾಟ್‌ಫಾರಂ ಮೇಲೆ ಏನಾದರೂ ಮಾರುವವರು ಬರುತ್ತಾರೆ, ಗಿರಮಿಟ್ಟೋ ಮಿರ್ಚಿಯೋ ಸಿಗುತ್ತದೆ ಎಂಬ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ಪ್ಲಾಟ್‌ಫಾರಂ ಖಾಲಿ, ಒಬ್ಬ ಸಿಬ್ಬಂದಿ ನೆಟ್ಟಗೆ ನಿಂತು ಗಾಡಿಯನ್ನು ನೋಡುತ್ತಿರುತ್ತಾನೆ, ಅಷ್ಟೆ.

ರೈಲ್ವೆಯಲ್ಲಿ ದುಡಿದವರಿಗೆ ಇನ್ನೂ ಒಂದು ವಿಷಯ ಕುತೂಹಲ ಹುಟ್ಟಿಸೀತು. ಭಾರತದ ಒಂಬತ್ತು ಪಟ್ಟು ವಿಸ್ತಾರವಿರುವ ಆಫ್ರಿಕಾ ಖಂಡದಲ್ಲಿ ರೈಲುಗಳ ಅಳತೆ ಒಂದಲ್ಲ. ಪೂರ್ವದಲ್ಲಿ ಮೀಟರ್ ಗೇಜ್, ದಕ್ಷಿಣದಲ್ಲಿ 1,067 ಮಿಲಿಮೀಟರಿನ ಕೇಪ್ ಗೇಜ್, ಉತ್ತರದ ಈಜಿಪ್ಟಿನಲ್ಲಿ ಸ್ಟ್ಯಾಂಡರ್ಡ್ ಗೇಜ್. ಯಾವ ಯುರೋಪಿಯನ್ ಸರಕಾರ ಯಾವ ಬಂದರಿನಿಂದ ಗಣಿ, ಹೊಲಗಳವರೆಗೆ ಹಳಿ ಹಾಕಿತೋ ಅಲ್ಲಿಗೇ ಅದರ ಹಳಿ ಮುಗಿಯಿತು. ಎಲ್ಲವನ್ನೂ ಒಂದಕ್ಕೊಂದು ಕೂಡಿಸುವ ಕೆಲಸ ಆಗಲೇ ಇಲ್ಲ. ಚೀನಾದ ನೆರವಿನಿಂದ 1970ರ ದಶಕದಲ್ಲಿ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಿಂದ ಜಾಂಬಿಯಾದ ಕಪಿರಿ ಎಂಪೋಶಿವರೆಗೆ 1,860 ಕಿಲೋಮೀಟರ್ ಉದ್ದದ ತಾಜಾರಾ ಮಾರ್ಗ ಕಟ್ಟಿದಾಗ ಅದಕ್ಕೆ ದಕ್ಷಿಣದ ಕೇಪ್ ಗೇಜ್ ಆರಿಸಿದರು; ಹಾಗಾಗಿ ತಾಂಜಾನಿಯಾದೊಳಗೇ ಎರಡು ಅಳತೆಗಳಾಗಿ, ಕಿಡಾಟು ಎಂಬಲ್ಲಿ ಸರಕನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಏರಿಸುವ ಏರ್ಪಾಡು ಬೇಕಾಯಿತು. ಕೆನ್ಯಾದ ಹೊಸ ಮಾರ್ಗವೂ ಉಗಾಂಡಾದ ಗಡಿ ಮುಟ್ಟಬೇಕಿದ್ದದ್ದು 2019ರಲ್ಲಿ ನೈವಾಶಾದ ಹತ್ತಿರ ಬಂದು ನಿಂತಿದೆ. ಅಲ್ಲಿಂದ ಮುಂದಕ್ಕೆ ಸರಕಿಗೆ ಹಳೆಯ ಮೀಟರ್ ಗೇಜು ಅಥವಾ ಲಾರಿಯೇ ಗತಿ. ನಮ್ಮಲ್ಲಿ ಒಂದೇ ಅಳತೆಗೆ ತಂದ ಕೆಲಸದ ಬೆಲೆ ನನಗೆ ಮನವರಿಕೆಯಾದದ್ದು ಅಲ್ಲಿ ನಿಂತು ನೋಡಿದಾಗ. ಈ ನಡುವೆ ತಾಂಜಾನಿಯಾ 2024ರಲ್ಲಿ ದಾರ್ ಎಸ್ ಸಲಾಮ್‌ನಿಂದ ಡೊಡೊಮಾದವರೆಗೆ ವಿದ್ಯುತ್ತಿನ ಸ್ಟ್ಯಾಂಡರ್ಡ್ ಗೇಜ್ ಗಾಡಿ ಓಡಿಸಿ, ಡೀಸೆಲ್ಲಿನ ಕೆನ್ಯಾವನ್ನು ಒಂದು ಹೆಜ್ಜೆ ಹಿಂದೆ ಹಾಕಿದೆ.

ಹೀಗಿರುವುದರಿಂದ ಅಲ್ಲಿಯ ಸಾಮಾನ್ಯ ಜನರ ದಿನನಿತ್ಯದ ಓಡಾಟ ರೈಲಿನದಲ್ಲ, ರಸ್ತೆಯದು. ಮಾರ್ಗದುದ್ದಕ್ಕೂ ಪಕ್ಕದಲ್ಲಿ ಕಾಣುವ ಮೊಂಬಾಸಾ ಹೆದ್ದಾರಿಯಲ್ಲಿ ಉಗಾಂಡಾ, ರುವಾಂಡಾ, ಕಾಂಗೋಗಳವರೆಗೆ ಹೋಗುವ ಕಂಟೇನರ್ ಲಾರಿಗಳ ಸಾಲು ಕಡಿಯುವುದೇ ಇಲ್ಲ. ಊರೊಳಗೆ ಮಟಾಟು ಎಂಬ ಖಾಸಗಿ ವ್ಯಾನುಗಳು. ನಮ್ಮ ಟಂಟಂ, ಟ್ರ್ಯಾಕ್ಸ್‌ಗಳಂತೆ ತುಂಬಿದ ಮೇಲೆಯೇ ಹೊರಡುತ್ತವೆ. ಬಾಗಿಲಲ್ಲಿ ಜೋತುಬಿದ್ದ ಹುಡುಗ ಊರ ಹೆಸರು ಕೂಗುತ್ತಿರುತ್ತಾನೆ. 2004ರಲ್ಲಿ ಸಾರಿಗೆ ಸಚಿವರಾಗಿದ್ದ ಜಾನ್ ಮಿಚುಕಿ ಇವುಗಳಿಗೆ ಸೀಟ್ ಬೆಲ್ಟ್, ಗಂಟೆಗೆ 80 ಕಿಲೋಮೀಟರಿನ ವೇಗ ಮಿತಿಯ ಸಾಧನ, ಹಳದಿ ಪಟ್ಟಿ ಕಡ್ಡಾಯ ಮಾಡಿದರು. ನಿಯಮ ಈಗಲೂ ಇದೆ, ಪಟ್ಟಿಯೂ ಇದೆ. ಬೆಲ್ಟು ಇರುವಲ್ಲಿ ಇದೆ. ಇನ್ನು ಮೋಟರ್ ಸೈಕಲ್ ಟ್ಯಾಕ್ಸಿಗಳನ್ನು ನೋಡಿದರೆ ಹುಬ್ಬಳ್ಳಿಯ ಶೋರೂಮಿನ ಮುಂದೆ ನಿಂತ ಹಾಗಾಗುತ್ತದೆ, ಅಷ್ಟು ಬಜಾಜ್, ಟಿವಿಎಸ್ ಗಾಡಿಗಳು. ಮಿರಿಟಿನಿಯಲ್ಲಿ ಇಳಿದ ಮೇಲೆ ಮೊಂಬಾಸಾ ದ್ವೀಪಕ್ಕೆ ಹೋಗಲು ಮಟಾಟು, ಟ್ಯಾಕ್ಸಿ ಎರಡೂ ಸಿಗುತ್ತವೆ. ಸಾಮಾನು ಇದ್ದವರು ಟ್ಯಾಕ್ಸಿಯ ದರವನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ನಮ್ಮಿಂದ ಒಬ್ಬ ಚಾಲಕ ಮೊದಲು ಕೇಳಿದ್ದು ಕೊನೆಗೆ ಒಪ್ಪಿದ್ದರ ಎರಡರಷ್ಟು.

ಸಮಯವಿದ್ದರೆ ಹೊರಡುವ ಹಿಂದಿನ ದಿನ ನೈರೋಬಿಯ ಹಳೆಯ ನಿಲ್ದಾಣದ ಬಳಿಯಿರುವ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. 1950ರ ದಶಕದಲ್ಲಿ ಮ್ಯಾಂಚೆಸ್ಟರಿನಲ್ಲಿ ತಯಾರಾದ 59ನೆಯ ವರ್ಗದ ಗ್ಯಾರೆಟ್ ಉಗಿ ಇಂಜಿನ್ ಅಲ್ಲಿದೆ. ಮೀಟರ್ ಗೇಜಿನ ಹಳಿಯ ಮೇಲೆ ಅದಕ್ಕಿಂತ ಬಲವಾದ ಉಗಿ ಇಂಜಿನ್ ಓಡಿಲ್ಲ. ಅದರ ಹತ್ತಿರದಲ್ಲಿಯೇ 12ನೆಯ ಸಂಖ್ಯೆಯ ಹಳೆಯ ಮರದ ಡಬ್ಬಿ. 1900ರಲ್ಲಿ ಕಿಮಾ ನಿಲ್ದಾಣದಲ್ಲಿ ಸಿಂಹವನ್ನು ಹೊಡೆಯಲು ಬಂದೂಕು ಹಿಡಿದು ಈ ಡಬ್ಬಿಯಲ್ಲಿ ಕಾಯುತ್ತ ನಿದ್ದೆಹೋದ ಪೊಲೀಸ್ ಅಧಿಕಾರಿ ಚಾರ್ಲ್ಸ್ ರಯಾಲ್‌ನನ್ನು ಸಿಂಹ ಒಳಗೆ ಬಂದು ಕಿಟಕಿಯಿಂದ ಎಳೆದೊಯ್ದಿತು. ನಾನು ಆ ಕಿಟಕಿಯ ಚೌಕಟ್ಟಿನ ಅಗಲವನ್ನು ಗೇಣಿನಿಂದ ಅಳೆದು ನೋಡಿದೆ. ಸಿಂಹ ಅದರೊಳಗಿಂದ ದೇಹದ ಸಮೇತ ದಾಟಿತು ಎಂಬುದನ್ನು ನಂಬಲು ಡಬ್ಬಿಗಳ ನಡುವೆ ಬದುಕು ಕಳೆದ ನನಗೂ ಸ್ವಲ್ಪ ಹೊತ್ತು ಬೇಕಾಯಿತು.

ಕೊನೆಗೆ ಯಾವ ಟಿಕೆಟ್ ತೆಗೆಯಬೇಕು ಎಂಬ ಪ್ರಶ್ನೆ. ಮೂರು ಪಟ್ಟು ಹಣ ಕೊಟ್ಟು ಮೊದಲ ದರ್ಜೆಗೆ ಹೋಗುವ ಅಗತ್ಯ ಗಟ್ಟಿಮುಟ್ಟಾದವರಿಗೆ ಇಲ್ಲ. ಬೆನ್ನು, ಮಂಡಿ ನೋವಿನ ಹಿರಿಯರಿಗೆ ಮಾತ್ರ ನೆಟ್ಟಗಿನ ಎಕಾನಮಿ ಆಸನದಲ್ಲಿ ಐದಾರು ತಾಸು ಕಷ್ಟ. ಅವರು ಖರ್ಚಿಗೆ ಹಿಂಜರಿಯಬಾರದು. ರಾತ್ರಿ 10ರ ಗಾಡಿಯಲ್ಲಿ ಮಲಗುವ ಬರ್ತ್ ಇಲ್ಲ, ಕುಳಿತೇ ಹೋಗಬೇಕು; ಬೆಳಗಿನ ಜಾವ ಊರ ಹೊರಗಿನ ನಿಲ್ದಾಣದಲ್ಲಿ ಇಳಿಯುವ ತುರ್ತಿಲ್ಲದವರು ಅದನ್ನು ಬಿಡುವುದೇ ಲೇಸು. ಡಿಸೆಂಬರ್ ರಜೆ, ಈಸ್ಟರ್ ವಾರಗಳಲ್ಲಿ ಕಡಲಿಗೆ ಹೋಗುವ ಅಲ್ಲಿಯವರ ನೂಕುನುಗ್ಗಲು ಇರುವುದರಿಂದ ಬಹಳ ಮೊದಲೇ ಕಾಯ್ದಿರಿಸಬೇಕು. ಪ್ರಾಣಿಗಳನ್ನು ನೋಡುವುದೇ ಮುಖ್ಯ ಉದ್ದೇಶವಾದರೆ ಕಿಟಕಿಯನ್ನು ನಂಬದೆ, ಬೆಳಗಿನ ಗಾಡಿಯಲ್ಲಿ ವೋಯಿವರೆಗೆ ಮಾತ್ರ ಟಿಕೆಟ್ ತೆಗೆಯಿರಿ. ತ್ಸಾವೋ ಪೂರ್ವ ಅಭಯಾರಣ್ಯದ ಮುಖ್ಯ ದ್ವಾರ ಆ ಊರಿನ ಹತ್ತಿರವೇ ಇದೆ. ವಸತಿಗೃಹದವರಿಗೆ ಮೊದಲೇ ತಿಳಿಸಿದರೆ ಜೀಪು ನಿಲ್ದಾಣಕ್ಕೇ ಬರುತ್ತದೆ. ಒಂದೆರಡು ದಿನ ಅಲ್ಲಿದ್ದು, ಮೊಂಬಾಸಾಗೆ ಅದೇ ಹೊತ್ತಿನ ಗಾಡಿಯನ್ನು ಮತ್ತೆ ಹಿಡಿಯಬಹುದು.